ಮಡಚಿದ ಎಲೆ

ಹೋಳಿಗೆಯ ತಟ್ಟೆ ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತ ಬಂದ ಗಂಗಮ್ಮ, ಅಕುಮ್ಲಾಳ ಎಲೆಯನ್ನು ಮಾತ್ರ ದಾಟಿ ಮುಂದೆ ಹೋದರು. ಎದುರು ಫ್ಲ್ಯಾಟಿನ ಆ ನಾಗಾ ಹುಡುಗಿ ಕೋಸಂಬರಿಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಎಲೆಯ ನಡುವೆ ಜಾಗ ಮಾಡಿಕೊಂಡು ಕೂತಿದ್ದಳು.

"ನಿನಗ ಬ್ಯಾರೆ ತರಿಸೀನವಾ," ಎನ್ನುತ್ತ ಗಂಗಮ್ಮ, ಹತ್ತಿರದ ಹೂಡಿ ಬಡಾವಣೆಯ ಹೋಟೆಲಿನಿಂದ ತರಿಸಿದ್ದ ನೂಡಲ್ಸನ್ನು ಆ ಜಾಗಕ್ಕೇ ಬಡಿಸಿದರು. "ನಮ್ಮ ಸಿಹಿ ನಿಮ್ಮ ಮಂದಿಗೆ ಸೇರೂದಿಲ್ಲಲ್ಲ." ಅಕುಮ್ಲಾ ಪಕ್ಕದ ಎಲೆಯಲ್ಲಿ ಕರಗುತ್ತಿದ್ದ ತುಪ್ಪವನ್ನು ಒಮ್ಮೆ ನೋಡಿದಳು. "ಥ್ಯಾಂಕ್ಸ್ ಆಂಟಿ," ಎಂದು ತಲೆ ತಗ್ಗಿಸಿ ತಿನ್ನತೊಡಗಿದಳು.

ಗಂಗಮ್ಮ ಒಳಗೆ ಬಂದದ್ದೇ ತಡ, ಸೊಸೆ ಶೀತಲ್ ಸಿಡಿದಳು. "ಏನ್ ಮಾಡಿದ್ರಿ ಅತ್ತಿ? ಹೂರಣದ ವಾಸನಿ ಬಂತಂತ, ಹೊಟ್ಟಿತುಂಬ ಹೋಳಿಗಿ ತಿನ್ನಬೇಕಂತ ಆಕಿ ಮುಂಜಾನಿಂದ ನಾಷ್ಟಾನೂ ಮಾಡಿಲ್ಲಂತ. ಈಗರ ನನ್ನ ಮುಂದ ಹೇಳಿದ್ಲು. ಬಸವ ಜಯಂತಿ ದಿನಾನ ಪಂಕ್ತಿಭೇದ ಮಾಡಿದ್ರಲ್ಲ!"

ಗಂಗಮ್ಮ ಒಲೆಯ ಕಡೆ ತಿರುಗಿದರು. ಪಂಕ್ತಿಯಲ್ಲಿ ಒಂದು ಎಲೆ ಬಿಟ್ಟು ಬಡಿಸಿದವರ ಮನೆಯಲ್ಲಿ ನೀರೂ ಮುಟ್ಟದೆ ಎದ್ದುಬರುತ್ತಿದ್ದ ತಂದೆಯ ಮಗಳು ತಾನು. ಎರಡು ವರ್ಷ ಎದುರುಬದುರು ಇದ್ದೂ, ನಿನಗೇನು ಇಷ್ಟ ಎಂದು ಆ ಹುಡುಗಿಯನ್ನು ಒಂದು ಸಲವಾದರೂ ಬಾಯಿಬಿಟ್ಟು ಕೇಳಿರಲಿಲ್ಲ. ಎರಡು ಬಿಸಿ ಹೋಳಿಗೆಗಳನ್ನು ಬರಿಗೈಯಲ್ಲೇ ಹಿಡಿದು ಹೊರಗೆ ಓಡಿದರು.

ಅಕುಮ್ಲಾ ಒಂದೆಳೆಯನ್ನೂ ಬಿಡದೆ ನೂಡಲ್ಸ್ ಮುಗಿಸಿದ್ದಳು. "ತುಂಬಾ ಚೆನ್ನಾಗಿತ್ತು ಆಂಟಿ, ಹೊಟ್ಟೆ ತುಂಬ್ತು," ಎಂದು ನಕ್ಕು, ಎಲೆ ಮಡಚಿದಳು.