ಹದಿನಾರು ಬೆಡ್‌ಶೀಟು

"ಬ್ಯಾನರ್ ತಾನೆ ಇದು? ಕೊಡಿ ಇಲ್ಲಿ."

ಇನ್‌ಸ್ಪೆಕ್ಟರು ಬಟ್ಟೆಯ ಆ ಮಗ್ಗುಲು ನೋಡಿದರು, ಈ ಮಗ್ಗುಲು ನೋಡಿದರು. ಒಂದಕ್ಷರವೂ ಇರಲಿಲ್ಲ. ಮೂಲೆಯಲ್ಲಿ ಹಳೇ ಚಹಾದ ಕಲೆಯೊಂದಿತ್ತು, ಅಷ್ಟೇ. ಅದು ಮನೆಯಲ್ಲಿ ಬಳಸಿ ಸವೆದ ಬೆಡ್‌ಶೀಟು. ಒಂದು ತುದಿ ದೊಡ್ಡಕ್ಕನ ಕೈಯಲ್ಲಿ, ಇನ್ನೊಂದು ಕುಳ್ಳಿಯ ಕೈಯಲ್ಲಿ. ಲಾಂಡ್ರಿಯ ಗೇಟಿನ ಮುಂದೆ ಹತ್ತು ಹತ್ತು ಹೆಜ್ಜೆಗೊಂದು ಜೋಡಿಯಂತೆ, ಬೀದಿಯುದ್ದಕ್ಕೂ ಹೆಂಗಸರು ಹೀಗೇ ಒಂದೊಂದು ಬೆಡ್‌ಶೀಟು ಬಿಚ್ಚಿ ಹಿಡಿದು ನಿಂತಿದ್ದರು.

ಲಾಂಡ್ರಿಗೆ ಬರುವುದೆಲ್ಲ ಆಸ್ಪತ್ರೆಗಳ ಬಟ್ಟೆ. ಯಂತ್ರ ಒಗೆಯುತ್ತದೆ, ಯಂತ್ರ ಒಣಗಿಸುತ್ತದೆ. ಬಿಸಿ ಆರುವ ಮೊದಲು ಕೊಡವಿ ಮಡಿಸುವುದಕ್ಕೆ ಮಾತ್ರ ಹೆಂಗಸರೇ ಬೇಕು. ಆ ಯಂತ್ರ ವಾರಕ್ಕೆ ಮೂರು ಸಲ ಕೆಟ್ಟು ಕೂರುತ್ತದೆ. ಕೆಟ್ಟಷ್ಟು ಹೊತ್ತು ಕೂಲಿ ಇಲ್ಲ, ಹೊರಗೆ ಹೋಗಲು ಬಿಡುವುದೂ ಇಲ್ಲ, ಇದೆಂಥಾ ನ್ಯಾಯವೋ! "ಯಂತ್ರ ನಿಂತ್ರೆ ನಮ್ ಹೊಟ್ಟೇನೂ ನಿಲ್ಲುತ್ತಾ ಸ್ವಾಮಿ?" ಎಂದು ಕುಳ್ಳಿ ಒಂದೇ ಒಂದು ಮಾತು ಕೇಳಿದ್ದಳು. ಮಾರನೇ ದಿನದಿಂದ ಅವಳಿಗೆ ಗೇಟು ಮುಚ್ಚಿತ್ತು. ಅವಳನ್ನು ವಾಪಸು ತೆಗೆದುಕೊಳ್ಳುವವರೆಗೆ ನಾವೂ ಒಳಗೆ ಕಾಲಿಡೆವು ಎಂದು ಉಳಿದ ಮೂವತ್ತೊಂದು ಜನ ನಿನ್ನೆ ಗೇಟಿನೆದುರು ಕೂತರು. ಸಂಜೆಯೊಳಗೆ ನೋಟೀಸು ಅಂಟಿತು: ಗೇಟಿನಿಂದ ನೂರು ಹೆಜ್ಜೆಯೊಳಗೆ ಐವರು ಅಥವಾ ಅದಕ್ಕಿಂತ ಹೆಚ್ಚು ಜನ ಒಂದೆಡೆ ಸೇರಕೂಡದು. ಮಾಲೀಕರ ಹೊಸ ಕಾರು ನೋಡಲು ಇದೇ ಗೇಟಿನಲ್ಲಿ ಅರ್ಧ ಬೀದಿ ಸೇರಿತ್ತು. ಆಗ ಯಾವ ನೋಟೀಸೂ ಇರಲಿಲ್ಲ.

"ಏನ್ ಮಾಡ್ತಿದೀರಿ ಇಲ್ಲಿ?" ಇನ್‌ಸ್ಪೆಕ್ಟರು ದನಿ ಏರಿಸಿದರು.

"ಬೆಡ್‌ಶೀಟ್ ಮಡಿಸ್ತಿದೀವಿ ಸಾಹೇಬ್ರೆ," ಎಂದಳು ದೊಡ್ಡಕ್ಕ. "ಇಪ್ಪತ್ತು ವರ್ಷದಿಂದ ಇದೇ ಕೆಲಸ. ಒಳಗೆ ಇವಳನ್ನ ಬಿಡ್ತಿಲ್ಲ, ಅದಕ್ಕೆ ಹೊರಗೆ. ಏ ಕುಳ್ಳಿ, ಎತ್ತಿ ಹಿಡಿಯೇ, ನಿನ್ ತುದಿ ನೆಲ ಗುಡಿಸ್ತಿದೆ!"

"ನೋಟೀಸ್ ಓದಿಲ್ವಾ? ಮೂವತ್ತೆರಡು ಜನ ಸೇರಿದೀರಿ!"

"ಎಲ್ಲಿ ಸೇರಿದೀವಿ? ಇಲ್ಲಿರೋದು ನಾವಿಬ್ರು. ಅಲ್ಲಿರೋರು ಅವರಿಬ್ರು. ಮಧ್ಯ ಹತ್ತು ಹೆಜ್ಜೆ ಬಿಟ್ಟಿದೀವಿ, ಬೇಕಾದ್ರೆ ಅಳೆದು ನೋಡಿ."

ಇನ್‌ಸ್ಪೆಕ್ಟರು ಕೈಸನ್ನೆ ಮಾಡಿದರು. ಇಬ್ಬರು ಪೇದೆಗಳು ಓಡಿಬಂದು ಅವರ ಅಕ್ಕಪಕ್ಕ ನಿಂತರು. ದೊಡ್ಡಕ್ಕ ಗಲ್ಲದ ಮೇಲೆ ಬೆರಳಿಟ್ಟಳು.

"ಅಯ್ಯಯ್ಯೋ, ಈಗ ಎಣಿಸಿ ಸಾಹೇಬ್ರೆ! ನಾವಿಬ್ರು, ನೀವು ಮೂವರು. ಐದಾಯ್ತಲ್ಲ! ಸ್ವಲ್ಪ ದೂರ ನಿಂತ್ಕೊಳ್ಳಿ, ನಿಮ್ಮಿಂದ ನಮಗ್ಯಾಕೆ ಕೇಸು?"

ಒಬ್ಬ ಪೇದೆಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಇನ್‌ಸ್ಪೆಕ್ಟರು ಅವನನ್ನು ದುರುಗುಟ್ಟಿ ನೋಡಿದರು. ತಾವು ಆಗಲೇ ಎರಡು ಹೆಜ್ಜೆ ಹಿಂದೆ ಸರಿದಿದ್ದೇವೆಂಬುದು ಅವರಿಗೆ ಆಮೇಲೆ ತಿಳಿಯಿತು.

ಅಷ್ಟರಲ್ಲಿ ದೊಡ್ಡಕ್ಕ "ಹೂಂ" ಎಂದಳು. ಮಡಿಸುವ ಮುಂಚೆ ಸುಕ್ಕು ಬಿಡಿಸಲು ಕೊಡವುತ್ತಾರಲ್ಲ, ಹಾಗೆ ಹದಿನಾರು ಬೆಡ್‌ಶೀಟೂ ಒಟ್ಟಿಗೆ ಮೇಲೆದ್ದು ಒಟ್ಟಿಗೆ ಬಿದ್ದವು. ಫಟ್! ಎದುರು ಮನೆಯ ಪಾರಿವಾಳಗಳು ಹಾರಿಹೋದವು. ಬಾಯಲ್ಲಿ ಘೋಷಣೆಯಿಲ್ಲ, ಕೈಯಲ್ಲಿ ಕಲ್ಲಿಲ್ಲ. ಮತ್ತೆ ಫಟ್! ಮೂರನೇ ಸಲಕ್ಕೆ ಮಹಡಿಯ ಮೇಲಿನ ಮಾಲೀಕರ ಕೋಣೆಯ ಕಿಟಕಿ ಮುಚ್ಚಿತು, ಆರನೇ ಸಲಕ್ಕೆ ತೆರೆಯಿತು. ತೆರೆಯದೆ ಏನು ಮಾಡಿಯಾರು! ಒಳಗೆ ನಿನ್ನೆಯ ಬಟ್ಟೆಯೆಲ್ಲ ಮುದ್ದೆಯಾಗಿ ಬಿದ್ದಿತ್ತು, ಹನ್ನೊಂದಕ್ಕೆ ಆಸ್ಪತ್ರೆಯ ಲಾರಿ ಬರುವುದಿತ್ತು.

ಸ್ವಲ್ಪ ಹೊತ್ತಿಗೆ ಕಾವಲುಗಾರ ಬಂದ. "ದೊಡ್ಡಕ್ಕಾ, ಮಾಲೀಕರು ಮಾತಾಡ್ತಾರಂತೆ. ಒಬ್ಬಳೇ ಬರ್ಬೇಕಂತೆ."

ಕುಳ್ಳಿಯ ಮುಖ ಬಾಡಿತು.

"ನೀನೊಬ್ಬಳೇ ಹೋಗಕ್ಕಾ," ಎಂದಳು ಮೆಲ್ಲಗೆ. "ನನ್ನ ನೋಡಿದ್ರೆ ಅವರಿಗೆ ಇನ್ನೂ ರೇಗುತ್ತೆ. ನನ್ನೊಬ್ಬಳಿಗೋಸ್ಕರ ಎಲ್ಲರ ಹೊಟ್ಟೆ ಮೇಲೆ ಯಾಕೆ ಹೊಡಿಸ್ತೀಯ? ನಿಮ್ಮ ಕೆಲಸಾನಾದ್ರೂ ಉಳೀಲಿ."

ದೊಡ್ಡಕ್ಕನಿಗೆ ಸಿಟ್ಟು ನೆತ್ತಿಗೇರಿತು. ಅಳುವೂ ಬಂತು, ಆದರೆ ಸಿಟ್ಟು ಮೊದಲು ಬಂತು. "ಬಾಯ್ಮುಚ್ಚೇ! ನಮ್ಮೆಲ್ಲರ ಮಾತು ನೀನು ಕೇಳ್ದೆ, ಏಟು ನೀನೊಬ್ಬಳೇ ತಿಂದೆ. ಈಗ ಆ ತುದಿ ಬಿಟ್ಯೋ, ಜನ್ಮದಲ್ಲಿ ನಿನ್ನ ಮಾತಾಡ್ಸಲ್ಲ." ಕಾವಲುಗಾರನತ್ತ ತಿರುಗಿದಳು. "ಹೋಗಿ ಹೇಳಪ್ಪ. ಇದು ಒಬ್ಬರು ಮಾಡೋ ಕೆಲಸ ಅಲ್ಲ. ಇಬ್ರೂ ಬರ್ತೀವಿ."

ಕಾವಲುಗಾರ ಹೇಳಲು ಹೋಗುವ ಮೊದಲೇ ಅವರಿಬ್ಬರೂ ನಡೆಯತೊಡಗಿದ್ದರು, ಬೆಡ್‌ಶೀಟು ನಡುವೆ ಬಿಗಿಯಾಗಿ ಚಾಚಿಕೊಂಡೇ ಇತ್ತು. ಅವನು ಗಡಿಬಿಡಿಯಿಂದ ಪಕ್ಕದ ಕಿರುಬಾಗಿಲಿಗೆ ಅಡ್ಡ ನಿಂತ. "ಅದನ್ನಾದ್ರೂ ಮಡಿಸ್ಕೊಳ್ಳಿ ಅಕ್ಕಾ, ಈ ಬಾಗಿಲಲ್ಲಿ ಹಿಡಿಸಲ್ಲ."

"ಮಡಿಸಲ್ಲ," ಎಂದಳು ದೊಡ್ಡಕ್ಕ. "ಲಾರಿಗೆ ತೆಗೀತೀಯಲ್ಲ, ಆ ದೊಡ್ಡ ಗೇಟು ತೆಗಿ."

ಕಾವಲುಗಾರ ಮೇಲೆ ಕಿಟಕಿಯತ್ತ ನೋಡಿದ. ಅಲ್ಲಿ ಯಾರೂ ಬೇಡವೆನ್ನಲಿಲ್ಲ. ಇನ್‌ಸ್ಪೆಕ್ಟರತ್ತ ನೋಡಿದ. ಅವರು ಗೋಡೆಯ ನೋಟೀಸನ್ನು ಮೊದಲಿಂದ ಓದುತ್ತಿದ್ದರು. ಅವನು ಎರಡೂ ಕೈಯಿಂದ ಅಗುಳಿ ಎಳೆದ.

ಹಿಂದೆ ಹದಿನೈದು ಬೆಡ್‌ಶೀಟುಗಳು ಫಟ್ ಎಂದವು. ತುದಿ ನೆಲಕ್ಕೆ ತಾಗದಂತೆ, ಕುಳ್ಳಿ ಎರಡೂ ಕೈಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು ಒಳಗೆ ನಡೆದಳು.