ಬೂಟಿನ ಚರ್ಚೆ

ಗಡಿಯಲ್ಲಿ ಯುದ್ಧ ನಡೆದಿತ್ತು. ಸದನದಲ್ಲಿ ಸೈನಿಕರ ಬೂಟಿನ ಗುತ್ತಿಗೆಯ ಗದ್ದಲ. ವಿರೋಧ ಪಕ್ಷದ ಚೆನ್ನವೀರಪ್ಪನವರಿಗೆ ಅಂದು ಹುಲಿಯ ಆವೇಶ. ಭಾಷಣ ಬರೆದುಕೊಟ್ಟವನು ಅವರ ಹೊಸ ಸ್ನೇಹಿತ. "ಆ ಬೂಟಿನ ಕಂಪನಿಯವರನ್ನ ಕಂಡ್ರೆ ನನಗೂ ಮೈಯೆಲ್ಲ ಉರಿಯುತ್ತೆ ಸರ್, ಬಿಡಬೇಡಿ" ಎಂದು ಬೆಳಿಗ್ಗೆ ಕೈಮುಗಿದು ಹೋಗಿದ್ದ.

"ಮಂತ್ರಿಗಳೇ, ಮೊದಲ ಮಳೆಗೇ ಅಟ್ಟೆ ಕಿತ್ತು ಬರೋ ಬೂಟು ಹಾಕ್ಕೊಂಡು ನಮ್ಮ ಹುಡುಗರು ಗುಡ್ಡ ಹತ್ತಬೇಕಾ? ಆ ಕಂಪನಿಗೂ ನಿಮಗೂ ಏನ್ರೀ ಸಂಬಂಧ?" ಎಂದು ಚೆನ್ನವೀರಪ್ಪ ಗುಡುಗಿದರು. ಅವರ ಪಕ್ಷದವರು ಮೇಜು ಕುಟ್ಟಿದರು.

ಸ್ನೇಹಿತ ಬರೆದುಕೊಟ್ಟಿದ್ದರಲ್ಲಿ ಕೊನೆಯ ಒಂದು ಗಾದೆ ಉಳಿದಿತ್ತು: ಬೇಲಿಯೇ ಎದ್ದು ಹೊಲ ಮೇಯ್ದಂತೆ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸಭಾಧ್ಯಕ್ಷರು ಗಂಟೆ ಬಾರಿಸಿ, "ಸಮಯ ಆಯ್ತು, ಕೂತ್ಕೊಳ್ಳಿ" ಎಂದುಬಿಟ್ಟರು. ಚೆನ್ನವೀರಪ್ಪ ಗಾದೆಯನ್ನು ನುಂಗಿಕೊಂಡು ಕುಳಿತರು.

"ಆದ್ರೂ ಬೆವರಿಳಿಸಿದೆ ನೋಡ್ರೀ" ಎಂದು ಪಕ್ಕದವರ ಕಿವಿಯಲ್ಲಿ ಉಸುರಿದರು.

ಮಂತ್ರಿಗಳು ನಿಧಾನವಾಗಿ ಎದ್ದರು. ಕನ್ನಡಕ ಏರಿಸಿ, ಜೇಬಿನಿಂದ ಹಾಳೆ ತೆಗೆದು ಓದತೊಡಗಿದರು:

"ಮಾನ್ಯ ಚೆನ್ನವೀರಪ್ಪನವರು ಕೊನೆಯಲ್ಲಿ 'ಬೇಲಿಯೇ ಎದ್ದು ಹೊಲ ಮೇಯ್ದಂತೆ' ಎಂಬ ಗಾದೆ ಹೇಳಿದರು. ಅದರಿಂದ ನನ್ನ ಮನಸ್ಸಿಗೆ ಬಹಳ ನೋವಾಗಿದೆ."