ಸಹಿಯಿಲ್ಲದ ಚಿತ್ರ

ಚಿತ್ರ ಬರೆಯಲೂ ಸರ್ಕಾರದ ಅನುಮತಿ ಬೇಕೆಂದಾಗ ಹನ್ನೊಂದು ಮಂದಿ ಅಮೂರ್ತ ಕಲಾವಿದರು ಒಂದಾಗಿ, ಸಹಿ ಹಾಕದೆ ಪ್ರದರ್ಶನ ಇಟ್ಟರು. ಯಾವುದು ಯಾರದೆಂದು ಒಬ್ಬರೂ ಬಾಯಿಬಿಡಲಿಲ್ಲ. ಅದರಲ್ಲೊಂದು ಕೆಂಪು ಚಿತ್ರ ಮೇಲಿನವರನ್ನು ಕೆಣಕಿತ್ತು. ಬರೆದವರಿಗೆ ಜೈಲು ಖಂಡಿತ.

ಹನ್ನೊಂದು ಮಂದಿಯನ್ನೂ ಹಿಡಿದಿಟ್ಟಿದ್ದ ಠಾಣೆಗೆ, ಅವರಲ್ಲೊಬ್ಬಳ ತಾಯಿ ಅಂಬುಜಮ್ಮನನ್ನು ಕರೆಸಿದರು.

"ಇದು ನಿಮ್ಮ ಮಗಳದ್ದೇನಮ್ಮಾ?" ಅಧಿಕಾರಿ ಆ ಕೆಂಪು ಚಿತ್ರವನ್ನು ತೋರಿಸಿ ಕೇಳಿದ.

"ನನಗೇನ್ ತಿಳಿಯುತ್ತೆ ಸ್ವಾಮಿ? ಮರ ಇಲ್ಲ, ಮುಖ ಇಲ್ಲ. ಒಲೆ ಒರೆಸಿದ ಬಟ್ಟೆ ಇದ್ದಂಗಿದೆ."

ಅಧಿಕಾರಿ ನಕ್ಕ. "ನಮಗೂ ಅಷ್ಟೇ. ತಲೆ ಯಾವುದು, ಬುಡ ಯಾವುದು ಗೊತ್ತಾಗಲ್ಲ. ಮಗಳನ್ನ ಕರ್ಕೊಂಡು ಹೊರಡಿ."

ಅಂಬುಜಮ್ಮನ ಜೀವ ಹಗುರಾಯಿತು. ಎದ್ದವಳು, ದಿನವೂ ಮಗಳ ಕೋಣೆ ಗುಡಿಸುವಾಗಿನ ಅಭ್ಯಾಸಬಲದಿಂದ, ಗೋಡೆಗೆ ತಲೆಕೆಳಗಾಗಿ ಒರಗಿದ್ದ ಚಿತ್ರವನ್ನೆತ್ತಿ ತಿರುಗಿಸಿ ನೆಟ್ಟಗೆ ನಿಲ್ಲಿಸಿದಳು.